ಶವಪೆಟ್ಟಿಗೆಯ ಟೋಪಿ

ವಾರಕ್ಕೊಮ್ಮೆ ಅಮೆರಿಕವನ್ನು ಬೈಯುವುದು ಹ್ಯೂ ಪೆಂಡರ್‌ನ ಕೆಲಸ. ಆ ಬೈಗುಳವನ್ನು ಅರ್ಧ ಗಂಟೆಯ ಅಳತೆಗೆ ಕತ್ತರಿಸಿ, ಕೆಮ್ಮು, ಗುಟುಕು ನೀರು ಎಲ್ಲ ತೆಗೆದು, ರೇಡಿಯೋಗೆ ಸಿದ್ಧ ಮಾಡಿ ಕೊಡುವುದು ಸಂಧ್ಯಾರಾಣಿಯ ಕೆಲಸ.

ಹ್ಯೂ ಇಂಗ್ಲೆಂಡಿನವನು. ಲಂಡನ್ನಿನ ಪತ್ರಿಕೆಯೊಂದಕ್ಕೆ ಅಮೆರಿಕದಿಂದ ಹತ್ತಾರು ವರ್ಷ ವರದಿ ಬರೆದು, ಆಮೇಲೆ ಮೆಲ್ಬರ್ನಿನ ಹೆಂಗಸನ್ನು ಮದುವೆಯಾಗಿ ಇಲ್ಲೇ ಉಳಿದಿದ್ದ. ಸಂಧ್ಯಾರಾಣಿ ಧಾರವಾಡದವಳು, ಗಂಡ ವೀರೇಂದ್ರನ ಜೊತೆ ಊರಂಚಿನ ವೆರಿಬೀಯಲ್ಲಿ ಮನೆ. ಮೊದಲ ದಿನವೇ ಹ್ಯೂ ಅವಳ ಹೆಸರನ್ನು ಸ್ಯಾಂಡಿ ಎಂದು ಕತ್ತರಿಸಿದ್ದ. ಕತ್ತರಿಸುವುದೇ ಕಸುಬಾದ ಅವಳು ಅದಕ್ಕೆ ತಕರಾರು ತೆಗೆಯಲಿಲ್ಲ.

ಮನುಷ್ಯ ಚೆನ್ನಾಗಿ ಮಾತಾಡುತ್ತಿದ್ದ, ಅದರಲ್ಲಿ ಎರಡು ಮಾತಿಲ್ಲ. "ಅಮೆರಿಕದ ಟೀವಿಯಲ್ಲಿ ಮಂಡಿನೋವಿನ ಮಾತ್ರೆಯ ಜಾಹೀರಾತು ಬರುತ್ತೆ. ಅಜ್ಜ ಮೊಮ್ಮಗಳ ಜೊತೆ ಗಾಳಿಪಟ ಹಾರಿಸ್ತಾ ಇರ್ತಾನೆ. ಹಿಂದೆ ಒಬ್ಬ ಉಸಿರು ಬಿಡದೆ ಹೇಳ್ತಾ ಹೋಗ್ತಾನೆ: ಲಿವರ್ ಕೆಡಬಹುದು, ಕಣ್ಣು ಹೋಗಬಹುದು, ಸಾಯಲೂಬಹುದು. ಅವರ ಚುನಾವಣೆಯೂ ಹಾಗೇ. ಎಲ್ಲರೂ ಗಾಳಿಪಟ ನೋಡ್ತಾರೆ." ಇನ್ನೊಂದು ಸಲ, ಪ್ರಾರ್ಥನೆಯಿಂದ ಶುರುವಾದ ಚುನಾವಣಾ ಸಭೆಯಲ್ಲಿ ಲಾಟರಿ ಎತ್ತಿ ಬಂದೂಕು ಬಹುಮಾನ ಕೊಟ್ಟಿದ್ದನ್ನೂ, ಅದು ಪಾದ್ರಿಗೇ ಹೋಗಿದ್ದನ್ನೂ ಹೇಳಿದ್ದ. "ನಮ್ಮ ದೇಶದಲ್ಲೂ ಸುಳ್ಳು ಹೇಳ್ತಾರೆ. ಆದರೆ ಹೇಳುವ ಮುಂಚೆ ಒಂದು ಸಲ ಕೆಮ್ಮುತ್ತಾರೆ." ಇಂಥದ್ದನ್ನೆಲ್ಲ ಕೇಳಿ ಸಂಧ್ಯಾರಾಣಿ ಹೆಡ್‌ಫೋನ್ ಹಾಕಿಕೊಂಡು ಒಬ್ಬಳೇ ನಗುತ್ತಿದ್ದಳು. ಬೆಳಿಗ್ಗೆ ಎದ್ದು ಸುದ್ದಿ ನೋಡಿದರೆ ಹೇಸಿಗೆ ಹುಟ್ಟುವಂಥ ದಿನಗಳು ಅವು. ಆ ಅಸಹ್ಯವನ್ನು ಇವನು ನಗುವಾಗಿ ತಿರುಗಿಸಿ ಕೊಡುತ್ತಾನಲ್ಲ ಎಂದು ಅವಳಿಗೆ ಅವನ ಮೇಲೆ ಗೌರವವೇ ಇತ್ತು.

ಕಾರ್ಯಕ್ರಮಕ್ಕೆ ಹೆಸರು ಬಂದ ಮೇಲೆ ಸಿಡ್ನಿಯಲ್ಲಿ ಜನರ ಮುಂದೆ ಒಂದು ಸಂಚಿಕೆ ಮಾಡುವುದೆಂದಾಯಿತು. ಧ್ವನಿಮುದ್ರಣಕ್ಕೆ ಸಂಧ್ಯಾರಾಣಿ ಹೋಗಬೇಕು. ಹೋಟೆಲ್ ಬೇಡವೆಂದು ಅವಳು ಅಲ್ಲಿನ ದಿ ಪಾಂಡ್ಸ್ ಬಡಾವಣೆಯಲ್ಲಿರುವ ಗೆಳತಿ ನವ್ಯಾಳ ಮನೆಯಲ್ಲಿ ಇಳಿದುಕೊಂಡಳು. ಉಡುಪಿಯ ನವ್ಯಾ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಆ ಸಂಜೆ ಊಟಕ್ಕೆ ಅವಳು ತನ್ನ ಜೊತೆ ಕೆಲಸ ಮಾಡುವ ಜೋಲೀನ್ ಎಂಬ ಅಮೆರಿಕದ ಹೆಂಗಸನ್ನೂ ಕರೆದಿದ್ದಳು.

"ಇವಳಿಗೆ ನಿನ್ನ ಹ್ಯೂ ಅಂದರೆ ಹುಚ್ಚು ಮಾರಾಯ್ತಿ. ಒಂದು ವಾರವೂ ಬಿಡುವುದಿಲ್ಲ," ಎಂದಳು ನವ್ಯಾ, ನೀರುದೋಸೆ ಬಡಿಸುತ್ತಾ.

ಜೋಲೀನ್ ದೋಸೆಯನ್ನು ಕೋಳಿಸಾರಿಗೆ ಅದ್ದಿ, "ಅವನು ಹೇಳೋದೆಲ್ಲ ನಿಜ," ಎಂದಳು. "ನಾನು ಅಲ್ಲಿಂದ ಓಡಿ ಬಂದಿದ್ದೇ ಅದಕ್ಕೆ. ನನ್ನ ತಮ್ಮನ ಹತ್ತಿರ ಮಾತು ಬಿಟ್ಟು ಮೂರು ವರ್ಷ ಆಯ್ತು. ಅಮ್ಮನ ಹತ್ತಿರ ಹವಾಮಾನ ಬಿಟ್ಟು ಬೇರೆ ಏನೂ ಮಾತಾಡಲ್ಲ." ಇನ್ನೊಂದು ದೋಸೆ ಹಾಕಿಸಿಕೊಂಡು ಸೇರಿಸಿದಳು: "ಹ್ಯೂ ನಮ್ಮ ಮನೆಯಲ್ಲಿ ಊಟ ಮಾಡಿದಾನೆ ಗೊತ್ತಾ? ಓಹಾಯೋದ ನಮ್ಮ ಊರಿಗೆ ಚುನಾವಣೆ ವರದಿಗೆ ಬಂದಿದ್ದ. ಕಾರ್ವರ್ಸ್ ಬೆಂಡ್ ಅಂತ, ಸಣ್ಣ ಊರು. ಹೋಟೆಲ್ ಇರಲಿಲ್ಲ, ಅಮ್ಮ ಮನೆಯಲ್ಲೇ ಇರಿಸಿಕೊಂಡಳು. ಅಪ್ಪನಿಗೆ ಕ್ಯಾನ್ಸರ್ ಕೊನೇ ಹಂತದಲ್ಲಿತ್ತು. ಹ್ಯೂ ಅಪ್ಪನ ಹಾಸಿಗೆ ಪಕ್ಕ ಕೂತು ಬೇಸ್‌ಬಾಲ್ ಸ್ಕೋರ್ ಓದಿ ಹೇಳ್ತಿದ್ದ. ನಾನು ಆಗಲೇ ಇಲ್ಲಿದ್ದೆ, ಮಣ್ಣು ಮಾಡುವ ದಿನಕ್ಕೆ ಹೇಗೋ ಹೋಗಿ ಮುಟ್ಟಿದೆ. ಆ ಗಡಿಬಿಡಿಯಲ್ಲಿ ಅವನಿಗೆ ಥ್ಯಾಂಕ್ಸ್ ಹೇಳೋಕೂ ಆಗಲಿಲ್ಲ."

ಸಂಧ್ಯಾರಾಣಿ ಖುಷಿಯಿಂದ ಎರಡು ಟಿಕೆಟ್ ಕೊಟ್ಟು, "ನಾಳೆ ಮುಗಿದ ಮೇಲೆ ನಾನೇ ಭೇಟಿ ಮಾಡಿಸ್ತೀನಿ," ಎಂದಳು.

ಮರುದಿನ ಹಾಲ್ ತುಂಬಿತ್ತು. ಎರಡನೇ ಸಾಲಿನಲ್ಲಿ ನವ್ಯಾ, ಜೋಲೀನ್. ವೇದಿಕೆಯ ಪಕ್ಕದಲ್ಲಿ ಧ್ವನಿಮುದ್ರಣ ಯಂತ್ರದ ಮುಂದೆ ಸಂಧ್ಯಾರಾಣಿ. ಹ್ಯೂ ಗಾಳಿಪಟದ ಅಜ್ಜನನ್ನು ಹೇಳಿದ, ಪಾದ್ರಿಯ ಬಂದೂಕನ್ನು ಹೇಳಿದ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ದನಿ ತಗ್ಗಿಸಿ, ಇದುವರೆಗೆ ರೇಡಿಯೋದಲ್ಲಿ ಹೇಳದ ಒಂದು ಕತೆ ಎಂದು ಶುರು ಮಾಡಿದ.

"ಓಹಾಯೋದ ಒಂದು ಸಣ್ಣ ಊರು. ಒಬ್ಬಳು ವಿಧವೆ. ಗಂಡನ ಶವಪೆಟ್ಟಿಗೆ ತೆರೆದಿಟ್ಟಿದ್ದಾರೆ. ಹತ್ತಿರ ಹೋಗಿ ನೋಡ್ತೀನಿ, ಹೆಣದ ತಲೆ ಮೇಲೆ ಚುನಾವಣೆಯ ಟೋಪಿ! ಆ ಮಹಾನಾಯಕನ ಹೆಸರು ಮುಂದುಗಡೆ ಹೊಳೀತಾ ಇದೆ. ಯಾಕಮ್ಮ ಅಂತ ಕೇಳಿದೆ." ಇಲ್ಲಿ ಹ್ಯೂ ಕೆಳದುಟಿ ಇಳಿಬಿಟ್ಟು, ಮೂಗಿನಲ್ಲಿ ಎಳೆದೆಳೆದು ಆ ಹೆಂಗಸಿನ ದನಿ ತೆಗೆದ. "ಸ್ವರ್ಗದ ಬಾಗಿಲಲ್ಲಿ ಯಾವ ಪಾರ್ಟಿ ಅಂತ ಕೇಳಿದರೆ, ಪಾಪ, ಅವನು ತಡವರಿಸಬಾರದು ನೋಡಿ!"

ಹಾಲ್ ಬಿದ್ದು ಬಿದ್ದು ನಕ್ಕಿತು. ಧ್ವನಿಮಾಪಕದ ಗೆರೆಗಳು ಕೆಂಪಿಗೆ ಹೋದವು. ನವ್ಯಾ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದಳು. ಅವಳ ಪಕ್ಕದಲ್ಲಿ ಜೋಲೀನ್ ಮಾತ್ರ ಚೀಲವನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಅವಳ ಮುಖ ನೋಡಿದ ಕೂಡಲೇ ಅದು ಯಾರ ಮನೆಯ ಕತೆಯೆಂದು ಸಂಧ್ಯಾರಾಣಿಗೆ ಅರ್ಥವಾಯಿತು.

ಮುಗಿದ ಮೇಲೆ ಜೋಲೀನ್ ತಾನಾಗಿಯೇ ವೇದಿಕೆಯ ಹಿಂದಿನ ಕೋಣೆಗೆ ಬಂದಳು. ವೈನ್ ಗ್ಲಾಸು ಹಿಡಿದಿದ್ದ ಹ್ಯೂಗೆ ಗುರುತು ಸಿಗಲಿಲ್ಲ. "ಓ, ಅಮೆರಿಕದ ಮಾತಿನ ಧಾಟಿ! ಯಾವ ಭಾಗದಿಂದ ತಪ್ಪಿಸಿಕೊಂಡು ಬಂದಿರಿ?" ಎಂದು ನಕ್ಕ.

"ಕಾರ್ವರ್ಸ್ ಬೆಂಡ್," ಎಂದಳು ಜೋಲೀನ್. "ನೀವು ದನಿ ತೆಗೆದು ತೋರಿಸಿದಿರಲ್ಲ, ಅದು ನನ್ನ ಅಮ್ಮ."

ಹ್ಯೂನ ನಗು ಮುಖದಲ್ಲೇ ಉಳಿಯಿತು, ಕಣ್ಣು ಮಾತ್ರ ಅತ್ತಿತ್ತ ಓಡಿತು.

"ಅಪ್ಪನಿಗೆ ಕೂದಲೆಲ್ಲ ಉದುರಿ ಹೋಗಿತ್ತು. ಬೋಳುತಲೆ ಯಾರೂ ನೋಡಬಾರದು ಅಂತ ಮಲಗುವಾಗಲೂ ಟೋಪಿ ತೆಗೀತಿರಲಿಲ್ಲ. ಕೊನೇ ದಿನ ಆಸ್ಪತ್ರೆಗೆ ಸೇರಿಸಿದಾಗ ಅದು ಅಲ್ಲಿ ಕಳೆದುಹೋಯ್ತು. ಜನ ಒಳಗೆ ಬರೋಕೆ ಶುರುವಾಗಿತ್ತು. ಅಮ್ಮ ನನ್ನ ತಮ್ಮನ ತಲೆಯಿಂದ ಅವನ ಟೋಪಿ ಕಿತ್ತು ಅಪ್ಪನಿಗೆ ಹಾಕಿದಳು. ಹೆಸರು ಕಾಣಬಾರದು ಅಂತ ಹಿಂದುಮುಂದು ಮಾಡಿ ಹಾಕಿದಳು. ಯಾಕಂದ್ರೆ ಅಪ್ಪನಿಗೆ ಆ ಮನುಷ್ಯನನ್ನು ಕಂಡರೆ ಆಗ್ತಿರಲಿಲ್ಲ. ನೀವು ಅಲ್ಲೇ ಇದ್ದಿರಿ. ಅಮ್ಮ ನಿಮಗೆ ಹೇಳಿದಳು."

"ನಿಮ್ಮ ತಾಯಿ ಅವನಿಗೇ ಓಟು ಹಾಕಿದ್ರಲ್ವಾ?" ಎಂದು ಕೇಳಿದ ಹ್ಯೂ, ಮೆಲ್ಲಗೆ.

"ಹಾಕಿದಳು. ನನಗೆ ಅದನ್ನು ನೆನೆಸಿಕೊಂಡರೆ ವಾಂತಿ ಬರುತ್ತೆ. ಅದನ್ನು ಹೇಳಿ, ಎಷ್ಟು ಬೇಕಾದ್ರೂ ನಗಿ. ಆದರೆ ಅವಳು ಹೇಳದ ಮಾತನ್ನು ಅವಳ ಬಾಯಿಗೆ ಹಾಕಬೇಡಿ. ಇದನ್ನು ರೇಡಿಯೋದಲ್ಲಿ ಬಿಡಬೇಡಿ, ಅಷ್ಟೇ ನಾನು ಕೇಳೋದು."

"ಹೆಸರು ಎಲ್ಲೂ ಹೇಳಿಲ್ಲ. ಅದು ನಿಮ್ಮ ತಾಯಿ ಒಬ್ಬರ ಕತೆ ಅಲ್ಲ, ಇಡೀ ಒಂದು ಮನಸ್ಥಿತಿಯ ಕತೆ," ಎಂದ ಹ್ಯೂ. ಹಾಗೆನ್ನುತ್ತಲೇ ಬಾಗಿಲ ಬಳಿ ನಿಂತಿದ್ದ ಇನ್ನಾರನ್ನೋ ಕೈಬೀಸಿ ಕರೆದ.

ಮೂವರೂ ಕಾರಿನಲ್ಲಿ ದಿ ಪಾಂಡ್ಸ್‌ಗೆ ಹೊರಟರು. "ನಾನೂ ನಕ್ಕೆ," ಎಂದು ನವ್ಯಾ ದಾರಿಯಲ್ಲಿ ಹೇಳಿದಳು. ಜೋಲೀನ್ ಅವಳ ತೋಳು ಮುಟ್ಟಿ, ನಿನಗೇನು ಗೊತ್ತಿತ್ತು ಎಂಬಂತೆ ತಲೆಯಾಡಿಸಿದಳು.

ಮೆಲ್ಬರ್ನಿಗೆ ಮರಳಿದ ಮೇಲೆ ಸಂಧ್ಯಾರಾಣಿ ಹ್ಯೂನನ್ನು ಎಡಿಟಿಂಗ್ ಕೋಣೆಗೆ ಕರೆದಳು. "ಟೋಪಿ ಹಿಂದುಮುಂದಾಗಿತ್ತು ಅನ್ನೋದನ್ನು ಸೇರಿಸಿ ಇನ್ನೊಮ್ಮೆ ಹೇಳಿ. ಅದೂ ಒಳ್ಳೇ ಕತೆನೇ. ಒಂದೇ ಮನೆಯಲ್ಲಿ ಎರಡು ಪಾರ್ಟಿ, ಗಂಡ ಸತ್ತ ಮೇಲೂ ಹೆಂಡತಿ ಅವನ ಮಾತು ಉಳಿಸ್ತಾಳೆ."

"ಆಗ ಜನ ಎಲ್ಲಿ ನಗ್ತಾರೆ, ಸ್ಯಾಂಡಿ?"

"ನಗದಿದ್ರೆ ಏನಾಯ್ತು?"

"ನಾನು ಆ ದೇಶದಲ್ಲಿ ಹತ್ತಾರು ವರ್ಷ ಸುಳ್ಳು ಕೇಳಿದೀನಿ. ದಿನಾ. ಅವರಿಗೆ ಸಿಗಬೇಕಾದ್ದು ಇದಕ್ಕಿಂತ ಜಾಸ್ತಿ ಇದೆ," ಎಂದ ಹ್ಯೂ. ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ. ಅವನ ಅಸಹ್ಯ ನಾಟಕವಲ್ಲ, ನಿಜವಾದದ್ದು ಎಂದು ಸಂಧ್ಯಾರಾಣಿಗೆ ಆಗ ಕಂಡಿತು. ಕಂಡರೂ ಅವನ ಮೇಲಿನ ಹೇಸಿಗೆ ಕಡಿಮೆಯಾಗಲಿಲ್ಲ. ಸುಳ್ಳನ್ನು ದ್ವೇಷಿಸುತ್ತೇನೆನ್ನುವವನು ಒಂದು ನಗುವಿಗೋಸ್ಕರ ಹೆಣದ ತಲೆಯ ಟೋಪಿ ತಿರುಗಿಸಿದ್ದ. ತಿರುಗಿಸುವ ಮುಂಚೆ ಒಂದು ಸಲ ಕೆಮ್ಮಿರಲೂ ಇಲ್ಲ.

ಅವಳು ಆ ಭಾಗವನ್ನು ಪೂರ್ತಿ ತೆಗೆದು ಸಂಚಿಕೆ ಒಪ್ಪಿಸಿದಳು. ಮಧ್ಯಾಹ್ನ ಸ್ಟೇಷನ್ ಮ್ಯಾನೇಜರ್ ಕರೆಸಿದ. ಹೇಳಬೇಕಾದದ್ದನ್ನೆಲ್ಲ ಅವಳು ಹೇಳಿದಳು. ಅವನು ಗಲ್ಲ ಕೆರೆದುಕೊಂಡು, "ಇಡೀ ರಾತ್ರಿಯ ಅತಿ ದೊಡ್ಡ ನಗು ಅದೇ ಅಲ್ವಾ? ತೆಗೆಯೋಕಾಗಲ್ಲ," ಎಂದ.

"ಹಾಗಾದ್ರೆ ನನ್ನ ಹೆಸರು ತೆಗೀರಿ. ಇನ್ಮೇಲೆ ಈ ಕಾರ್ಯಕ್ರಮ ನಾನು ಮಾಡಲ್ಲ."

ಬೇರೊಬ್ಬರು ಆ ಭಾಗವನ್ನು ಮತ್ತೆ ಸೇರಿಸಿದರು. ಶನಿವಾರ ಅದು ಪ್ರಸಾರವಾದಾಗ ಸಂಧ್ಯಾರಾಣಿಯೂ ವೀರೇಂದ್ರನೂ ಹತ್ತಿರದ ವಿಂಡಮ್ ವೇಲ್ ಬಡಾವಣೆಗೆ, ಗೆಳೆಯರ ಗೃಹಪ್ರವೇಶಕ್ಕೆ ಕಾರಿನಲ್ಲಿ ಹೊರಟಿದ್ದರು. ಅವಳು ಕಾರ್ಯಕ್ರಮ ಬಿಟ್ಟದ್ದು ವೀರೇಂದ್ರನಿಗೆ ಗೊತ್ತಿತ್ತು, ಯಾಕೆಂದು ಅವಳು ಬಿಡಿಸಿ ಹೇಳಿರಲಿಲ್ಲ. ಅವನೇ ರೇಡಿಯೋ ಹಚ್ಚಿದ. ವಿಧವೆಯ ದನಿ ಬಂತು. ವೀರೇಂದ್ರ ಸ್ಟೀರಿಂಗ್ ಬಡಿದು ನಕ್ಕ.

"ಏನ್ ಹೇಳ್ತಾನ ನೋಡ ಈ ಮನಷ್ಯಾ!"

"ರೀ, ಗಾಡಿ ಬಾಜೂಕ ನಿಲ್ಲಸ್ರಿ."

ಅವಳ ದನಿ ಕೇಳಿ ಅವನು ನಿಲ್ಲಿಸಿದ. ಎರಡೂ ಕಡೆ ಒಂದೇ ಅಚ್ಚಿನ ಹೊಸ ಮನೆಗಳು, ಇನ್ನೂ ಹುಲ್ಲು ಹಿಡಿಯದ ಅಂಗಳಗಳು. ಅಲ್ಲೇ ಕೂತು ಅವಳು ಎಲ್ಲ ಹೇಳಿದಳು. ವೀರೇಂದ್ರ ರೇಡಿಯೋ ಆರಿಸಿದ. "ಮೊದಲಽ ಹೇಳಿದ್ದಿ ಅಂದ್ರ ನಾ ನಗ್ತಿದ್ದಿಲ್ಲಲ್ಲ," ಎಂದ. "ಆದ್ರ ಕೇಳೂ ಮಂದಿಗೆ ಯಾರು ಹೇಳಬೇಕು?"

ಎರಡು ವಾರದ ಮೇಲೆ ಜೋಲೀನ್ ಫೋನ್ ಮಾಡಿದಳು. ಊರಿನವರು ಯಾರೋ ಇಂಟರ್ನೆಟ್ಟಿನಲ್ಲಿ ಕೇಳಿ ಅವಳ ಅಮ್ಮನಿಗೂ ಕೇಳಿಸಿದ್ದರಂತೆ.

"ಏನಂದ್ರು?" ಎಂದು ಸಂಧ್ಯಾರಾಣಿ ಹೆದರುತ್ತಲೇ ಕೇಳಿದಳು.

"ಮೊದಲು ಅತ್ತಳು. ಆ ಪತ್ರಿಕೆಯ ಹುಡುಗನನ್ನು ನಿಮ್ಮಪ್ಪನ ಕುರ್ಚಿಯಲ್ಲೇ ಕೂರಿಸಿ ಊಟ ಹಾಕಿದ್ದೆ ಅಂದಳು. ನನಗೂ ಅಳು ಬಂತು. ಎಷ್ಟೋ ವರ್ಷದ ಮೇಲೆ ಇಬ್ಬರೂ ಹವಾಮಾನ ಬಿಟ್ಟು ಬೇರೆ ಏನೋ ಮಾತಾಡ್ತಿದ್ದೀವಿ ಅನ್ನಿಸ್ತು." ಜೋಲೀನ್ ಒಂದು ಉಸಿರು ಎಳೆದುಕೊಂಡಳು. "ಆಮೇಲೆ ಅಮ್ಮ ಅಂದಳು, ಅದಕ್ಕೇ ನಮ್ಮ ನಾಯಕ ಹೇಳೋದು, ಈ ಪತ್ರಿಕೆಯವರನ್ನೆಲ್ಲ ಜೈಲಿಗೆ ಹಾಕಬೇಕು, ಪರದೇಶದವರನ್ನು ಒಳಗೆ ಬಿಡಬಾರದು ಅಂತ. ಮುಂದಿನ ಸಲವೂ ಅವನ ಪಾರ್ಟಿಗೇ ನನ್ನ ಓಟು ಅಂದಳು."

"ನೀವೇನಂದ್ರಿ?"

"ನಾನೂ ಪರದೇಶದಲ್ಲೇ ಇದೀನಿ ಅಮ್ಮ ಅಂದೆ. ನಿನ್ನ ಮಾತು ಬೇರೆ ಅಂದಳು. ಫೋನ್ ಇಟ್ಟೆ. ಇಟ್ಟು ಕೈ ತೊಳಕೊಂಡೆ, ಯಾಕೆ ಅಂತ ಗೊತ್ತಿಲ್ಲ."

ಸಂಧ್ಯಾರಾಣಿ ಈಗ ಬೆಳಗಿನ ತೋಟಗಾರಿಕೆಯ ಕಾರ್ಯಕ್ರಮ ಸಿದ್ಧಪಡಿಸುತ್ತಾಳೆ. ಗುಲಾಬಿಗೆ ಯಾವಾಗ ಕತ್ತರಿ ಹಾಕಬೇಕು, ನಿಂಬೆ ಎಲೆ ಯಾಕೆ ಹಳದಿಯಾಗುತ್ತದೆ ಎಂದು ಜನ ಕೇಳುತ್ತಾರೆ. ಕಾರಿಡಾರಿನಲ್ಲಿ ಎದುರಾದರೆ ಹ್ಯೂ ಇಂದಿಗೂ ಸ್ಯಾಂಡಿ ಎಂದು ಕರೆಯುತ್ತಾನೆ. ಅವಳು ನಿಂತು, ಅವನ ಮುಖ ನೋಡಿ, "ಸಂಧ್ಯಾರಾಣಿ," ಎಂದು ತಿದ್ದಿ ಮುಂದೆ ಹೋಗುತ್ತಾಳೆ.