ಹನ್ನೆರಡು ವೋಲ್ಟಿನ ಕರಿಬಸಮ್ಮ

ಗುಬ್ಬಿಯ ರೇವಣಸಿದ್ದಯ್ಯ ಮೇಷ್ಟ್ರ ಜಾವಾ ಗಾಡಿಯ ಹೆಡ್‌ಲೈಟು ಎಷ್ಟು ಮಂಕೆಂದರೆ, ಅದು ಹೊತ್ತಿದೆಯೋ ಇಲ್ಲವೋ ಎಂದು ನೋಡಲು ಇನ್ನೊಂದು ಬೆಳಕು ಬೇಕಿತ್ತು. ಆ ಇನ್ನೊಂದು ಬೆಳಕು ಅವರ ಹೆಂಡತಿ ಕರಿಬಸಮ್ಮ. ಮದುವೆಯಾದ ಲಾಗಾಯ್ತು ಹಿಂದಿನ ಸೀಟಿನಲ್ಲಿ ಕೂತು, ಗಂಡನ ಹೆಗಲ ಮೇಲಿಂದ ಟಾರ್ಚು ಹಿಡಿದು ದಾರಿ ತೋರಿಸಿದವಳು. ಕಡಬದ ಕೆರೆ ಏರಿ ಮೇಲೆ ಈ ಜೋಡಿ ಸಾಗಿದರೆ, ಟಾರ್ಚಿನ ಬೆಳಕಿಗೆ ಬೆಳಗಾಯಿತೆಂದು ಮೀನುಗಳು ಎದ್ದು ಕೂರುತ್ತಿದ್ದವು. ಹೆಡ್‌ಲೈಟಿಗೆ ಮಾತ್ರ ಒಂದು ದೀಪದ ಹುಳವೂ ಮುತ್ತುತ್ತಿರಲಿಲ್ಲ.

ಆರು ವೋಲ್ಟಿನ ಡೈನಮೋ ತೆಗೆಸಿ ಹನ್ನೆರಡು ಹಾಕಿಸಿ ಎಂದರೆ ಮೇಷ್ಟ್ರು ಕೆಂಡವಾಗುತ್ತಿದ್ದರು.

“ಒಂದು ಬೋಲ್ಟೂ ಬದಲಾಗಿಲ್ಲ ಕಣೇ ಈ ಗಾಡೀಲಿ. ಒರಿಜಿನಲ್.”

“ಹೆಂಡ್ತೀನೂ ಒರಿಜಿನಲ್ಲೇ. ಅವಳ ಕೈ ಬಿದ್ದೋಗ್ತಾ ಐತೆ.”

ಬಿದ್ದೇ ಹೋಯಿತು ಅನ್ನಿ. ಒಂದು ಸಂಜೆ ಹೆಬ್ಬೂರಿನ ದಾರಿಯಲ್ಲಿ ಅವಳ ಕೈ ಜೋಮು ಹಿಡಿದು ಟಾರ್ಚು ಜಾರಿತು. ಗಾಡಿ ರಾಗಿ ಹೊಲಕ್ಕೆ ನುಗ್ಗಿ, ಅರ್ಧ ಎಕರೆ ಕೊಯ್ಲು ಮುಗಿಸಿಯೇ ನಿಂತಿತು. ಇಬ್ಬರಿಗೂ ಒಂದು ಗೀರೂ ಆಗಲಿಲ್ಲ. ಆದರೆ ಮೇಷ್ಟ್ರ ಧೈರ್ಯ ಆ ಹೊಲದಲ್ಲೇ ಉಳಿಯಿತು. ಕುಣಿಗಲ್ ಕಡೆ ಹೊಸದಾಗಿ ರೆಸಾರ್ಟು ಕಟ್ಟಿಸಿದ ಗೋವಿಂದರಾಜು ಹಳೇ ಗಾಡಿ ಹುಡುಕುತ್ತಿದ್ದಾನೆಂದು ಕೇಳಿ, ಹೋಗಿ ಮಾತು ಕೊಟ್ಟೇ ಬಂದರು.

“ಹಾಲ್‌ನಲ್ಲಿ ಗೋಡೆಗೆ ನೇತಾಕ್ತಾರಂತೆ,” ಎಂದರು ಹೆಮ್ಮೆಯಿಂದ. “ಅದ್ರ ಮೇಲೆ ಲೈಟ್ ಬಿಡ್ತಾರಂತೆ.”

“ಓಡೋವಾಗ ಇಲ್ದಿದ್ ಲೈಟು, ಸತ್ಮೇಲೆ ಬಿಡ್ತಾರಾ?”

“ಒರಿಜಿನಲ್ ಗಾಡಿ ಕೊಡ್ತೀನಿ ಅಂತ ಮಾತು ಕೊಟ್ಟಾಯ್ತು.”

“ಮುಂದಿನ ಅರ್ಧ ಸೀಟು ನಿಮ್ದು, ಧಾರಾಳವಾಗಿ ಕೊಡಿ. ಹಿಂದಿನ ಅರ್ಧ ನನ್ದು. ಅದ್ರ ಬಗ್ಗೆ ನಾನು ಯಾರಿಗೂ ಮಾತು ಕೊಟ್ಟಿಲ್ಲ.”

ತಮಾಷೆಗೆ ಹೇಳಿದ್ದಲ್ಲ. ಕರಿಬಸಮ್ಮ ಲೋಕ ಕಂಡದ್ದೆಲ್ಲ ಆ ಅರ್ಧ ಸೀಟಿನ ಮೇಲಿಂದ. ಶಿವಗಂಗೆಯ ಬೆಟ್ಟ, ಮಾರ್ಕೋನಹಳ್ಳಿಯ ಡ್ಯಾಮು, ತಂಗಿಯ ಮನೆಯ ಬಾಣಂತನ, ಬೀಗರೊಂದಿಗಿನ ಜಗಳ, ಎಲ್ಲಕ್ಕೂ ಅಲ್ಲೇ ಕೂತು ಹೋಗಿ ಬಂದವಳು. ಅದು ಗೋಡೆ ಹತ್ತಿದರೆ ತಾನು ನಾಲ್ಕು ಗೋಡೆ ನಡುವೆ ಹೊಲಿಗೆ ಮಿಷನ್ ತುಳಿಯುತ್ತ ಕೂರುವುದೇ ಸೈ ಎಂದು ಅವಳಿಗೆ ಗೊತ್ತಿತ್ತು.

ಮೇಷ್ಟ್ರು ಸೋದರಳಿಯನ ಗೃಹಪ್ರವೇಶಕ್ಕೆಂದು ತಿಪಟೂರಿನ ಬಸ್ಸು ಹತ್ತಿದ್ದೇ ತಡ, ಕರಿಬಸಮ್ಮ ಲಗೇಜ್ ಆಟೊ ಕರೆಸಿ, ಗಾಡಿ ಏರಿಸಿ, ತುಮಕೂರಿನ ಚನ್ನೇಶನ ಗ್ಯಾರೇಜಿನ ಮುಂದೆ ಇಳಿಸಿದಳು. ಚನ್ನೇಶ ಮೇಷ್ಟ್ರ ಹಳೇ ಶಿಷ್ಯ. ಗಾಡಿ ಕಂಡೊಡನೆ ಎದ್ದು ನಿಂತ. ವಿಷಯ ಕೇಳಿ ಕೂತುಬಿಟ್ಟ.

“ಮೇಷ್ಟ್ರು ನನ್ ಚರ್ಮ ಸುಲೀತಾರೆ ಅಮ್ಮಾ.”

“ಸುಲಿದ್ರೆ ನಾನು ಹೊಲಿದು ಕೊಡ್ತೀನಿ. ಬಿಚ್ಚು.”

ಬಿಚ್ಚಿದ. ಬಲಗಡೆ ಕವರು ತೆಗೆದಾಗ ಡೈನಮೋದಿಂದ ಉದುರಿದ ಮಸಿಯಲ್ಲಿ ಇಡೀ ತುಮಕೂರು ಜಿಲ್ಲೆಯ ಕೂಸುಗಳಿಗೆ ಕಾಡಿಗೆ ಹಚ್ಚಿ, ಮಿಕ್ಕಿದ್ದನ್ನು ಹಾಸನಕ್ಕೆ ಕಳಿಸಬಹುದಿತ್ತು. ಅದು ಹೋದ ಜಾಗಕ್ಕೆ ತಂತಿ ಸುತ್ತಿದ ಕಾಯಿಲುಗಳ ತಟ್ಟೆ, ಅದರ ಸುತ್ತ ತಿರುಗುವ ಅಯಸ್ಕಾಂತದ ಬಟ್ಟಲು ಬಂದವು. ಸೀಟಿನ ಕೆಳಗೆ ಕರೆಂಟನ್ನು ಹದದಲ್ಲಿಡುವ ರೆಗ್ಯುಲೇಟರು, ಹನ್ನೆರಡು ವೋಲ್ಟಿನ ಬ್ಯಾಟರಿ. ಬಲ್ಬು, ಹಾರನ್ನು ಎಲ್ಲ ಹೊಸದು. ಹಿಂದಿನ ಕೆಂಪು ಬಲ್ಬೊಂದನ್ನು ಚನ್ನೇಶ ಗಡಿಬಿಡಿಯಲ್ಲಿ ಮರೆತ. ಸ್ವಿಚ್ಚು ಹಾಕಿದಾಗ ಆ ಆರು ವೋಲ್ಟಿನ ಬಡಪಾಯಿ, ಹನ್ನೆರಡನ್ನೂ ಒಂದೇ ಗುಟುಕಿಗೆ ಕುಡಿದು, ಝಗ್ಗೆಂದು ಬೀದಿಯನ್ನೆಲ್ಲ ಕೆಂಪು ಮಾಡಿ ಸತ್ತಿತು.

“ಸತ್ರೆ ಹಿಂಗೆ ಸಾಯ್ಬೇಕು ಕಣೋ,” ಎಂದಳು ಕರಿಬಸಮ್ಮ, ಮೆಚ್ಚಿಕೊಂಡು.

ಹೆಡ್‌ಲೈಟು ಹೊತ್ತಿದ್ದು ಹೇಗಿತ್ತೆಂದರೆ, ಎದುರು ಬೇಕರಿಯವನು ಬ್ರೆಡ್ಡಿನ ಟ್ರೇ ಅಡ್ಡ ಹಿಡಿದು ಕಣ್ಣು ಉಳಿಸಿಕೊಂಡ. ಕ್ಯಾತಸಂದ್ರದ ಕೋಳಿಗಳು ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದವು ಅಂತಲೂ ಹೇಳುತ್ತಾರೆ.

“ಹಳೇ ಡೈನಮೋ ಜೋಪಾನ ಅಮ್ಮಾ. ಮೇಷ್ಟ್ರು ಕೇಳೇ ಕೇಳ್ತಾರೆ.”

“ಕೊಡು, ಜೋಪಾನ ಮಾಡ್ತೀನಿ.”

ಮೇಷ್ಟ್ರು ತಿಪಟೂರಿಂದ ಬಂದು ಚಪ್ಪಲಿ ಬಿಡುವ ಮೊದಲೇ ಅವಳು ಗ್ಯಾರೇಜಿನ ಕಥೆಯೆಲ್ಲ ಹೇಳಿದಳು. ಮುಚ್ಚುಮರೆ ಮಾಡುವ ಜಾತಿಯಲ್ಲ ಅವಳದು. ಮೇಷ್ಟ್ರು ಮಾತು ಬಿಟ್ಟರು. ಹೇಳಲೇಬೇಕಾದ್ದನ್ನು ಜಗುಲಿಯ ಕಂಬಕ್ಕೆ ಹೇಳತೊಡಗಿದರು: “ಕೊಟ್ಟ ಮಾತಿಗೆ ಮಸಿ ಬಳಿದ್ಲು. ಉಪ್ಪು ಕಮ್ಮಿ ಇದೆ ಅಂತ ಹೇಳಪ್ಪ ಅವಳಿಗೆ.”

ಹೀಗೇ ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಗೋವಿಂದರಾಜು ಆನೆ ಕಟ್ಟುವಂಥ ಹಗ್ಗ, ನಾಲ್ಕು ಆಳು ಸಮೇತ ಟೆಂಪೊ ತಂದು ನಿಲ್ಲಿಸಿದ. ಗಾಡಿಯ ಸುತ್ತ ಸುತ್ತಿದ, ಬಗ್ಗಿದ, ಸೀಟೆತ್ತಿ ನೋಡಿದ.

“ಏನ್ ಮೇಷ್ಟ್ರೇ, ಹನ್ನೆರಡರ ಬ್ಯಾಟ್ರಿ ಕೂತೈತೆ. ಒರಿಜಿನಲ್ ಅಂದಿದ್ರಿ.”

ಮೇಷ್ಟ್ರು ಕಂಬ ನೋಡಿದರು.

“ಕಂಬಕ್ಕೇನ್ ಗೊತ್ತು, ನನ್ ಕೇಳಪ್ಪ,” ಎಂದಳು ಕರಿಬಸಮ್ಮ. “ಮಾಡ್ಸಿದ್ದು ನಾನು.”

“ಆಗ್ಲಿ ಬುಡಕ್ಕಾ. ಹಳೇ ಡೈನಮೋ ಇದ್ರೆ ಕೊಡಿ, ನಮ್ ಹುಡುಗ್ರು ವಾಪಸ್ ಕೂರಿಸ್ತಾರೆ. ಗೋಡೆ ಮೇಲೆ ಓಡ್ಬೇಕಾ ಅದು?”

ಮೇಷ್ಟ್ರ ಮುಖ ಅರಳಿತು. ಕಂಬವನ್ನು ಮರೆತು ಹೆಂಡತಿಗೇ ನೇರ ಹೇಳಿದರು: “ತಗೊಂಬಾರೇ ಅದನ್ನ.”

“ನೀವೇ ಬನ್ನಿ. ಹಿತ್ತಲಲ್ಲೈತೆ.”

ಮೇಷ್ಟ್ರು ಎಂದೂ ಕಾಲಿಡದ ಹಿತ್ತಲಲ್ಲಿ ಹೀರೇಬಳ್ಳಿಯ ಹಂದರ. ಹಂದರದ ತುಂಬ ಅಡ್ಡಡ್ಡ, ಉದ್ದುದ್ದ ಫಳಫಳ ಹೊಳೆಯುವ ತಾಮ್ರದ ತಂತಿ. ಡೈನಮೋದ ಸುರುಳಿ ಬಿಚ್ಚಿ ಎಳೆದದ್ದು. ಕುಣಿಗಲ್ಲಿಗೆ ಹೋಗಿ ತಿರುಗಿ ಬರುವಷ್ಟು ಉದ್ದ. ಬಳ್ಳಿ ಆಗಲೇ ಅದಕ್ಕೆ ಸುತ್ತಿಕೊಂಡು ಹಳದಿ ಹೂ ಬಿಟ್ಟಿತ್ತು. ಉಳಿದ ಕಬ್ಬಿಣ, ಹಂದರ ಗಾಳಿಗೆ ಆಡದಂತೆ ಮೂಲೆಯಲ್ಲಿ ನೇತಾಡುತ್ತಿತ್ತು.

“ನೇತಾಕೋಕೆ ಅಂತಾನೇ ಅಲ್ವಾ ಕೇಳಿದ್ದು,” ಎಂದಳು ಕರಿಬಸಮ್ಮ. “ನೇತಾಕಿದೀನಿ.”

ಗೋವಿಂದರಾಜು ಹಂದರ ನೋಡಿದ, ಕರಿಬಸಮ್ಮನನ್ನು ನೋಡಿದ, ಕೊನೆಗೆ ಮೇಷ್ಟ್ರನ್ನು ಅಯ್ಯೋ ಪಾಪ ಎಂಬಂತೆ ನೋಡಿ ಟೆಂಪೊ ಹತ್ತಿದ.

“ನಾನಿನ್ನು ಈ ಗಾಡಿ ಮುಟ್ಟಲ್ಲ,” ಎಂದರು ಮೇಷ್ಟ್ರು.

“ಮುಟ್ಬೇಡಿ.”

ಹೊತ್ತು ಮುಳುಗಿತು. ಮೇಷ್ಟ್ರು ಜಗುಲಿಯಲ್ಲಿ ಪೇಪರು ಹಿಡಿದು ಕೂತರು. ಕರಿಬಸಮ್ಮ ಹೊಸ ಸೀರೆಯುಟ್ಟು ಬಂದು, ಅಂಗಳದಲ್ಲಿ ಸ್ಟ್ಯಾಂಡ್ ಹಾಕಿದ್ದ ಗಾಡಿಯ ಸ್ವಿಚ್ಚು ಒತ್ತಿ, ತನ್ನ ಅರ್ಧ ಸೀಟು ಹತ್ತಿ ಕೂತಳು. ಬೆಳಕು ನೇರ ಮೇಷ್ಟ್ರಿಗೇ ಬಡಿಯಿತು. ಆ ಪುಟದ ಅಕ್ಷರ ಈ ಪುಟಕ್ಕೆ ತೂರಿಬಂತು. ಪೇಪರಿನ ಹಿಂದೆ ಅವರ ಎಲುಬುಗಳನ್ನೂ ಎಣಿಸಬಹುದಿತ್ತು.

“ಆರಿಸೇ.”

“ಮುಟ್ಟಲ್ಲ ಅಂದ್ರಲ್ಲ, ನಿಮಗ್ಯಾಕೆ?”

“ಎಂಜಿನ್ ಇಲ್ದೆ ಉರಿಸಿದ್ರೆ ಬ್ಯಾಟ್ರಿ ಇಳಿಯುತ್ತೆ ಕಣೇ.”

“ಇಳೀಲಿ.”

ಮೇಷ್ಟ್ರು ಪೇಪರು ಮಗುಚಿದರು, ಮಡಿಸಿದರು, ಮತ್ತೆ ಬಿಡಿಸಿದರು. ಹೆಂಡತಿಯ ಕೋಪವನ್ನು ವರ್ಷಗಟ್ಟಲೆ ತಡೆದವರು, ಒಂದು ಬ್ಯಾಟರಿ ಕಣ್ಣೆದುರು ಸಾಯುವುದನ್ನು ಹತ್ತು ನಿಮಿಷ ತಡೆಯಲಾರದೆ ಹೋದರು. ಎದ್ದು ಬಂದು ಒಂದೇ ಕಿಕ್ಕಿಗೆ ಎಂಜಿನ್ ಎಬ್ಬಿಸಿದರು.

“ನಿಂತಲ್ಲಿ ಚಾರ್ಜ್ ಆಗಲ್ಲ,” ಎಂದರು ಕಂಬದ ಕಡೆ ತಿರುಗಿ. “ಸ್ವಲ್ಪ ಓಡಿಸ್ಲೇಬೇಕು.”

ಹಳೇ ಡೈನಮೋದ ಮಾತದು. ಹೊಸದು ನಿಂತಲ್ಲೇ ಬ್ಯಾಟರಿ ತುಂಬಿಸುತ್ತದೆ ಎಂದು ಚನ್ನೇಶ ಮೀಟರು ಹಿಡಿದು ತೋರಿಸಿದ್ದ. ಕರಿಬಸಮ್ಮ ಅದೊಂದನ್ನು ಮಾತ್ರ ಹೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಟ್ಟಿಯಾಗಿ ಕೂತಳು.

“ಎಲ್ಲೀ ತನ್ಕ ಓಡಿಸ್ಬೇಕೋ ಏನೋ,” ಎಂದು ಗೊಣಗುತ್ತ ಮೇಷ್ಟ್ರು ಸ್ಟ್ಯಾಂಡ್ ತೆಗೆದರು.

“ಹನ್ನೆರಡು ವೋಲ್ಟು ಕಣ್ರೀ. ಹುಲಿಯೂರುದುರ್ಗಕ್ಕೆ ಹೋಗಿ ಬಂದ್ರೂ ತುಂಬುತ್ತೋ ಇಲ್ವೋ.”