ಪೆಡಲಿಗೆ ಹೊದಿಸಿದ ಖಣ

ಪಿಯಾನೊ ನಮ್ಮ ಮನೆಗೆ ಬಂದದ್ದರಲ್ಲಿ ನನ್ನ ತಪ್ಪೇನೂ ಇಲ್ಲ. ನಾಶಿಕದಲ್ಲಿ ನಮ್ಮ ಮನೆ ಮಾಲಕಿಯಾಗಿದ್ದ ರೇಷ್ಮಾಬಾಯಿ ಮಗಳ ಊರಿಗೆ ಹೊರಟಾಗ ಅದನ್ನು ನನ್ನ ಹೆಂಡತಿ ಅಲಕಾಳ ಕೊರಳಿಗೆ ಕಟ್ಟಿ ಹೋದರು. ಮರುತಿಂಗಳೇ ಬ್ಯಾಂಕು ನನ್ನನ್ನು ಸಂಭಾಜಿನಗರಕ್ಕೆ ಎತ್ತಿಹಾಕಿತು. ಟೆಂಪೊದಲ್ಲಿ ನಾನು ಪಿಯಾನೊದ ಪಕ್ಕದಲ್ಲೇ ಕೂತು ಬಂದೆ. ವೈಜಾಪುರ ದಾಟುವವರೆಗೂ ಅದು ಪ್ರತಿ ಗುಂಡಿಗೂ ಕಂಬಳಿಯೊಳಗೆ ಒಂಟಿಯಾಗಿ ಗುನುಗುತ್ತಿತ್ತು. ತೂಕಡಿಕೆಯಲ್ಲಿ ನನಗೆ ಅಲಕಾ ಹಾಡುತ್ತಿದ್ದಾಳೆ ಅನ್ನಿಸಿತು.

ಅಲಕಾ ಹಾಡುವುದು ನಿಂತು ಒಂದು ವರ್ಷವಾಗಿತ್ತು. ಗಂಟಲಿನ ಆಪರೇಷನ್ ಆದ ಮೇಲೆ ಅವಳಿಗೆ ಉಳಿದದ್ದು ಪಿಸುದನಿ ಮಾತ್ರ. ಧಾರವಾಡದಿಂದ ತಂದಿದ್ದ ಹಾರ್ಮೋನಿಯಂ ಅನ್ನು ಅವಳೇ ಅಟ್ಟಕ್ಕೆ ಹಾಕಿಸಿದ್ದಳು. ಅದನ್ನು ಮುಟ್ಟಿದರೆ ಬಾಯಿ ತಾನಾಗಿ ತೆರೆಯುತ್ತದಂತೆ, ದನಿ ಬರುವುದಿಲ್ಲ. ಈಗ ಅವಳ ಆಸೆಯೆಲ್ಲ ಪಿಯಾನೊ ಮೇಲೆ. ತನ್ನ ಬದಲಿಗೆ ಅದಾದರೂ ಹಾಡಬೇಕು.

ಅದು ಹಾಡಲಿಲ್ಲ. ಒಂದು ಭಾನುವಾರ ಸಂಜೆ ಅಲಕಾ ಯಮನ್ ರಾಗ ಬಾರಿಸುತ್ತಿದ್ದಳು. ಬೆರಳೆತ್ತಿದ ಕೂಡಲೇ ಸ್ವರ ಕತ್ತರಿಸಿದಂತೆ ನಿಲ್ಲುತ್ತಿತ್ತು.

"ಇದಕ್ಕ ಉಸಿರಽ ಇಲ್ಲರಿ. ಮಾರಿಬಿಡ್ರಿ," ಎಂದಳು. ಕಣ್ಣು ತುಂಬಿತ್ತು.

ಮರಾಠಿ ಮಾತಿನ ನಡುವೆಯೇ ಬೆಳೆದ ಮಗಳು ಪ್ರಾಚಿ ಫೋನಿನಿಂದ ತಲೆ ಎತ್ತಿದಳು. "ಅಮ್ಮಾ, ಕೆಳಗ ಪೆಡಲ್ ಅದ ನಾ, ಪಾಯಾನೆ ದಾಬ್, ಕಾಲಿಲೆ ಒತ್ತು. ಆವಾಜ್ ಉಳೀತದ."

ಆ ಪೆಡಲುಗಳ ವಿಷಯ ಹೇಳಬೇಕು. ಪಿಯಾನೊ ಬಂದ ದಿನವೇ ಅಲಕಾ ಅವಕ್ಕೆ ಅರಿಸಿನ ಕುಂಕುಮ ಹಚ್ಚಿ, ಯಾರ ಕಾಲೂ ತಾಗದಿರಲೆಂದು ಮೇಲೊಂದು ಕುಪ್ಪಸದ ಖಣ ಹೊದಿಸಿದ್ದಳು. ವಾದ್ಯಕ್ಕೆ ಅಪ್ಪಿತಪ್ಪಿ ಕಾಲು ಸೋಕಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವಳು ಅವಳು.

"ಕಾಲಿಲೆ? ಸರಸ್ವತೀನ ತುಳೀಬೇಕೇನು?"

"ಅಗಂ ಅಮ್ಮಾ, ಅದು ಮಷೀನ್ ಅದ!"

"ನಿನಗ ಮಷೀನು."

ಇಬ್ಬರೂ ನನ್ನ ಮುಖ ನೋಡಿದರು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಎರಡೂ ಕಡೆಯವರಿಗೆ ಹೂಂಗುಟ್ಟಿ ಬದುಕಿದವನು ನಾನು. ಅಂದು ಯಾಕೋ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಲುಂಗಿ ಎತ್ತಿ ಕಟ್ಟಿ ನೆಲಕ್ಕೆ ಕೂತೆ. ಮಂಡಿಗಳೆರಡೂ ಬೈದವು. ಪಿಯಾನೊ ಕೆಳಗೆ ತೂರಿ, ಖಣ ಸರಿಸಿ, ಬಲಗಡೆಯ ಪೆಡಲನ್ನು ಎರಡೂ ಕೈಯಿಂದ ಒತ್ತಿ ಹಿಡಿದೆ.

"ಕೈಲೆ ಒತ್ತೀನಿ. ಈಗ ಬಾರಸು."

ಅಲಕಾ ಬಾರಿಸಿದಳು. ಸ್ವರ ನಿಲ್ಲಲಿಲ್ಲ. ಒಂದರೊಳಗೊಂದು ಕರಗುತ್ತ, ಮರದ ಹಲಗೆಯಿಂದ ನನ್ನ ಹಣೆಗೆ, ಹಲ್ಲಿಗೆ, ಎದೆಗೆ ಇಳಿಯಿತು. ಮನೆ ಮೆಲ್ಲಗೆ ನೆಲ ಬಿಟ್ಟಂತಾಯಿತು. ಚಿಕಲಠಾಣಾ ವಿಮಾನನಿಲ್ದಾಣದಿಂದ ಎದ್ದ ವಿಮಾನವೂ ಅದೇ ಸ್ವರ ಹಿಡಿದು ಎಲ್ಲೋ ತೇಲಿಹೋಯಿತು. ಅವಳಿಗೆ ದನಿಯಿದ್ದ ಅಷ್ಟೂ ವರ್ಷ, ಅವಳು ಹಾಡಲು ಕೂತಾಗಲೆಲ್ಲ ನಾನು ಬಾಗಿಲೆಳೆದುಕೊಂಡು ಪೇಪರ್ ಓದುತ್ತಿದ್ದೆ. ಅಳು ಬಂತು. ಅಲ್ಲಿ ಕೆಳಗೆ ಯಾರಿಗೂ ಕಾಣದೆಂದು ಅತ್ತುಬಿಟ್ಟೆ.

ಮೇಲಿನಿಂದ ಪಿಸುದನಿ ಬಂತು.

"ಕೇಳಸ್ತದೇನ್ರಿ?"

"ಕೇಳ್ಲಿಕ್ಕತ್ತೀನಿ," ಎಂದೆ.