ಹೊಸ ಜೋಡಿ ಮುಂದಕ್ಕೇ

ನಾಗಪುರದ ಲಕ್ಷ್ಮೀ ನಗರದ ಆ ಓಣಿಯಲ್ಲಿ ಬೆಳಗಿನ ಹೊತ್ತು ದಪ್, ದಪ್ ಎಂಬ ಮಂದ ಸದ್ದೊಂದು ಗೇಟಿನಿಂದ ಗೇಟಿಗೆ ಸಾಗಿಬರುತ್ತದೆ. ಅರೆನಿದ್ದೆಯಲ್ಲಿರುವವರಿಗೆ ದೂರದಲ್ಲೆಲ್ಲೋ ಯಾರೋ ಹಾಸಿಗೆಯ ಧೂಳು ಝಾಡಿಸುತ್ತಿರುವಂತೆ ಕೇಳಿಸುವ ಆ ಸದ್ದು ದತ್ತು ಸರ್ ಅವರ ಛತ್ರಿಯ ಹಿಡಿಕೆಯದು. ಬೆಳಗಿನ ತಿರುಗಾಟಕ್ಕೆ ಹೊರಟ ಅವರು ದಾರಿಬದಿಗೆ ನಿಂತ ಪ್ರತಿಯೊಂದು ಕಾರಿನ ಟೈರನ್ನೂ, ವೈದ್ಯರು ರೋಗಿಯ ಬೆನ್ನು ತಟ್ಟಿ ನೋಡುವ ಹಾಗೆ ತಟ್ಟಿ, ತಲೆ ಓರೆ ಮಾಡಿ ಆಲಿಸಿ, ಮುಂದಿನದಕ್ಕೆ ಹೋಗುತ್ತಾರೆ. ಕಾರು ಯಾರದಾದರೂ ಸರಿ. ಸದ್ದು ಮೆತ್ತಗೆ ಬಂದರೆ, ಗಾಳಿ ಇಳಿದಿದೆಯೆಂದು, ಗೇಟಿನೆದುರು ನಿಂತು, "ಹವಾ ಕಮ್ ಹೈ, ಬರೋಬರ್?" ಎಂದು ಕೂಗುತ್ತಾರೆ, ಒಳಗಿನವರು ಕಣ್ಣುಜ್ಜಿಕೊಳ್ಳುತ್ತ ಬಂದು "ಬರೋಬರ್" ಎನ್ನುವವರೆಗೆ ಅಲ್ಲಿಂದ ಕದಲುವುದಿಲ್ಲ.

ನಡೆಯುವಾಗ ಅವರ ಎಡಭುಜ ಸದಾ ಒಂದಿಷ್ಟು ಮುಂದೆ, ಅರ್ಧ ತೆರೆದ ಬಾಗಿಲಲ್ಲಿ ನುಸುಳುವವರ ಹಾಗೆ. ಅಲ್ಲಿಯ ಮೇ ತಿಂಗಳಲ್ಲಿ, ಕಾಗೆಗಳೂ ಕೂಲರಿನ ಕೆಳಗೆ ತೊಟ್ಟಿಕ್ಕುವ ನೀರು ಹುಡುಕುವ ದಿನಗಳಲ್ಲೂ, ಬೂದುಬಣ್ಣದ ತೋಳಿಲ್ಲದ ಜಾಕೀಟು ಮೈಮೇಲಿರುತ್ತದೆ. ಅದರ ಜೇಬಿನ ಮೂಲೆಯಲ್ಲಿ ಇನ್ನೂ ಸೀಮೆಸುಣ್ಣದ ಬಿಳುಪಿದೆ. ಧಾರವಾಡದಿಂದ ಬಂದು, ಕೇಂದ್ರೀಯ ಶಾಲೆಯೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಲೇ ಕೂದಲು ನರೆಸಿಕೊಂಡವರು ಅವರು. ಘರ್ಷಣೆಯ ಪಾಠ ಬಂದ ದಿನ ತಮ್ಮ ರಬ್ಬರು ಚಪ್ಪಲಿಯನ್ನೇ ಕಳಚಿ ಮೇಜಿನ ಮೇಲೆ ದಾರಕಟ್ಟಿ ಎಳೆಯುತ್ತಿದ್ದರಂತೆ. ಆ ಪಾಠವನ್ನು ಮರೆತ ವಿದ್ಯಾರ್ಥಿ ಸಿಕ್ಕುವುದು ಕಷ್ಟ.

ಅಂಥವರಿಗೆ ಒಂದು ಹಟವಿತ್ತು. ಹೊಸದು ಯಾವುದಿದ್ದರೂ ಮುಂದಕ್ಕೆ. ಹೊಸ ಪರದೆ ಮುಂಗೋಣೆಗೆ, ಹೊಸ ಕುರ್ಚಿ ಅಂಗಳದ ಕಡೆಗೆ, ಕಿವಿ ಮುರಿದ ಚಹಾದ ಕಪ್ಪು ಮಾತ್ರ ಅಡುಗೆಮನೆಯೊಳಗೆ ತಮ್ಮ ಪಾಲಿಗೆ. "ಹಿತ್ತಲ ಬಾಗಿಲಿಂದ ಬಂದ್ರ ಇದು ಯಾರೋ ಬ್ಯಾರೆಯವರ ಮನಿ ಅನಸ್ತದ ನೋಡ್ರಿ" ಎಂದು ಹೆಂಡತಿ ಅಂಬುಜಾ ಕುಟುಕುತ್ತಿದ್ದರು. ದಸರೆಯ ದಿನ ಕಾರಿಗೆ ಪೂಜೆಯಾದರೂ ಅಷ್ಟೆ: ಕುಂಕುಮ ಮುಂದಿನ ಗಾಲಿಗಳಿಗೆ, ನಿಂಬೆಹಣ್ಣು ಮುಂದಿನ ಗಾಲಿಗಳಡಿಗೆ. ಹಿಂದಿನವು ಪೂಜೆ ನೋಡಲು ಬಂದ ನೆಂಟರಂತೆ ಸುಮ್ಮನೆ ನಿಂತಿರುತ್ತಿದ್ದವು.

ಈ ಮಳೆಗಾಲ ಹಿಡಿಯುವ ಮೊದಲು ಆ ಕಾರಿನ ಎರಡು ಟೈರು ಪೂರ್ತಿ ಸವೆದವು. ಉಳಿದೆರಡು ಸುಮಾರಾಗಿದ್ದವು, ಇನ್ನೊಂದು ವರ್ಷ ಎಳೆಯಬಹುದಿತ್ತು. ಆದ್ದರಿಂದ ಒಂದೇ ಜೋಡಿ ಕೊಂಡರು. ಕಾರು ಓಡಿಸುವವಳು ಮಗಳು ಮೃದುಲಾ. ಊರಾಚೆಯ ಬುಟಿಬೋರಿಯ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್, ದಿನವೂ ವರ್ಧಾ ರಸ್ತೆಯ ಲಾರಿಗಳ ನಡುವೆ ಒಬ್ಬಳೇ ಹೋಗಿಬರುವವಳು. ಟೈರಿನಂಗಡಿಯಲ್ಲಿ ಅವಳು ಮೆಲ್ಲಗೆ ಹೇಳಿದಳು: "ಅಪ್ಪಾ, ಹೊಸಾವು ಹಿಂದ ಹಾಕಸ್ರಿ. ಹಸಿ ರಸ್ತೆದಾಗ ಮುಂದಿನ ಗಾಲಿ ಜಾರಿದ್ರ ಸ್ಟೇರಿಂಗ್ ಕೈಗೆ ಹೇಳ್ತದ, ಸಂಭಾಳಿಸಬಹುದು. ಹಿಂದಿಂದು ಜಾರಿದ್ರ ತಿಳಿಯೋದ್ರಾಗ ಗಾಡೀನ ತಿರುಗಿರ್ತದ."

"ಘರ್ಷಣೆ ನನಗ ಕಲಸ್ತಿಯೇನವಾ?" ದತ್ತು ಸರ್ ನಕ್ಕರು. "ಎದುರಿಗೆ ಬಂದದ್ದನ್ನ ಮುಂದಿನ ಗಾಲೀನ ತಡ್ಕೋಬೇಕು. ಗಟ್ಟಿ ಇದ್ದದ್ದು ಮುಂದಿರ್ಲಿ."

ಮಗಳು ವಾದ ಬೆಳೆಸಲಿಲ್ಲ. ಮಳೆ ಬಂದ ಸಂಜೆಗಳಲ್ಲಿ, ಅವಳು ಓಣಿಯ ತಿರುವಿನಲ್ಲಿ ಕಾಣಿಸುವವರೆಗೂ ಅಪ್ಪ ಗೇಟು ಹಿಡಿದು ನೆನೆಯುತ್ತ ನಿಂತಿರುವುದನ್ನು ಅವಳು ಕಂಡಿದ್ದಳು. ಅವರ ಹಟದ ತುಂಬ ತನ್ನ ಕ್ಷೇಮವೇ ಇತ್ತೆಂದು ತಿಳಿದವಳಿಗೆ ಅದನ್ನು ಮುರಿಯುವ ಮನಸ್ಸಾಗಲಿಲ್ಲ. ಹೊಸ ಜೋಡಿ ಮುಂದಕ್ಕೇ ಹೋಯಿತು.

ಆಷಾಢದ ಒಂದು ಭಾನುವಾರ ಮನೀಶ್ ನಗರದ ಸಂಬಂಧಿಕರಲ್ಲಿ ಊಟ ಮುಗಿಸಿ ಮೂವರೂ ಹಿಂತಿರುಗುತ್ತಿದ್ದರು. ಅಂಬುಜಾ ಅವರ ಮೊಣಕಾಲು ಬಾತಿದ್ದರಿಂದ, ಕಾಲು ಚಾಚಲು ಅನುಕೂಲವೆಂದು ಅವರನ್ನು ಮುಂದೆ ಕೂರಿಸಿ, ದತ್ತು ಸರ್ ಬಹುಶಃ ಮೊದಲ ಸಲ ಹಿಂದಿನ ಸೀಟಿನಲ್ಲಿ ಕುಳಿತರು. ಮಳೆ ಆಗಷ್ಟೇ ನಿಂತಿತ್ತು. ಬೀದಿಯ ತುಂಬ ತೆಳ್ಳಗೆ ನೀರು, ನೀರಿನ ತುಂಬ ಮೋಡ. ಕಾರು ಆಕಾಶದ ಮೇಲೆಯೇ ಹೋಗುತ್ತಿರುವಂತಿತ್ತು. ತಿರುವಿನಲ್ಲಿ ಅದರ ಹಿಂಭಾಗ, ಯಾರೋ ಸೆರಗು ಹಿಡಿದು ಕರೆದಂತೆ, ಸದ್ದಿಲ್ಲದೆ ಹೊರಕ್ಕೆ ಸರಿಯಿತು. ಕಿಟಕಿಯಲ್ಲಿ ಔಷಧದಂಗಡಿ ತೇಲಿಹೋಯಿತು, ನೆನೆದ ಗುಲ್‌ಮೊಹರ್ ತೇಲಿಹೋಯಿತು, ಕೊಡೆ ಹಿಡಿದು ನಿಂತ ಹೆಂಗಸಿನ ತೆರೆದ ಬಾಯಿ ತೇಲಿಹೋಯಿತು. ಆಮೇಲೆ ಎಲ್ಲವೂ ನಿಂತಿತು. ಕಾರು ಬಂದ ದಾರಿಗೇ ಮುಖಮಾಡಿತ್ತು. ಎದುರಿನಿಂದ ಆ ಕ್ಷಣಕ್ಕೆ ಏನೂ ಬರಲಿಲ್ಲ, ಅಷ್ಟೆ.

"ಏ ಮೃದುಲಾ," ಅಂಬುಜಾ ಸಣ್ಣ ದನಿಯಲ್ಲಿ ಅಂದರು, "ಮತ್ತ ಊಟಕ್ಕ ಹೊಂಟೀವೇನು?"

ಹಿಂದಿನಿಂದ ದತ್ತು ಸರ್ ಕೇಳಿದರು: "ನಿನಗ ಮೊದಲ ತಿಳೀಲಿಲ್ಲೇನು?"

"ಇಲ್ರಿ ಅಪ್ಪಾ. ಸ್ಟೇರಿಂಗ್ ಗಟ್ಟೀನ ಇತ್ತು. ಮುಂದ ಏನೂ ಆಗ್ಲೇ ಇಲ್ಲ."

"ನನಗ ತಿಳೀತು," ಎಂದರು ಅವರು. "ನಾಳೆ ನೀ ಹಿಂಗ ಹೋಗೋದು ಬ್ಯಾಡ. ಅಂಗಡಿ ಕಡೆ ತಿರುಗಸು."

ಹೊಸವನ್ನು ಮುಂದಕ್ಕೆ ಹಾಕಿಸಿದವರೇ ಈಗ ಹಿಂದಕ್ಕೆ ಎಂದಾಗ ಟೈರಿನಂಗಡಿಯವನು ಹುಬ್ಬೇರಿಸಿದ. "ಸರ್, ಆಪ್ ನೇ ಹೀ ತೋ ಆಗೇ ಬೋಲಾ ಥಾ."

"ಹಾಂ, ಮೈನೇ ಹೀ ಬೋಲಾ ಥಾ. ಅಬ್ ನಯೇ ವಾಲೇ ಪೀಛೇ, ಪುರಾನೇ ಆಗೇ."

ಮೃದುಲಾ ಅಂಗಡಿಯ ತಗಡಿನಡಿ ನಿಂತು ಅಪ್ಪನನ್ನು ನೋಡುತ್ತಿದ್ದಳು. ಎದುರಿನಿಂದ ಬರುವ ಕೇಡಿಗೆ ಎದೆಯೊಡ್ಡಿ ನಿಲ್ಲುವ ಇಂಥ ಜನ ನಮ್ಮ ಮನೆಮನೆಯಲ್ಲೂ ಇದ್ದಾರೆ. ಅವರ ಪ್ರೀತಿಗೆ ಕಣ್ಣಿರುವುದು ಮುಂದೆ ಮಾತ್ರ. ಬೆನ್ನ ಹಿಂದೆ ಮೆಲ್ಲಗೆ ಸಡಿಲಾಗುವುದು ಅವರಿಗೆ ಕಾಣಬೇಕಾದರೆ, ಒಮ್ಮೆಯಾದರೂ ಹಿಂದೆ ಹೋಗಿ ಕೂರಬೇಕು. ಕಂಡ ಮೇಲೆ ಅವರು ತಡಮಾಡುವವರಲ್ಲ. ತಪ್ಪನ್ನು ಕೈ ಮೊದಲು ಒಪ್ಪಿಕೊಳ್ಳುತ್ತದೆ, ನಾಲಗೆ ಬಹಳ ನಿಧಾನವಾಗಿ ಹಿಂದಿನಿಂದ ಬರುತ್ತದೆ. ಮಕ್ಕಳು ಕಾಯುವುದು ನಾಲಗೆಗಾಗಿ.

ಕಾರಿನ ಒಂದು ಮಗ್ಗುಲು ಜಾಕಿನ ಮೇಲೆ ಏರತೊಡಗಿತು. ದತ್ತು ಸರ್ ಮಗಳ ಹತ್ತಿರ ಬಂದು, ಅವಳ ಮುಖ ನೋಡದೆ, ರಸ್ತೆಯ ನೀರನ್ನು ನೋಡುತ್ತ, "ಮೃದುಲಾ, ಅವತ್ತ ಇಲ್ಲೇ ನಿಂತು ನೀ ಹೇಳಿದಾಗ ನಾ..." ಎಂದವರು, ಜಾಕು ನೆಟ್ಟಗೆ ಕೂತಿದೆಯೇ ಎಂದು ನೋಡಲು ಹೊರಟೇಹೋದರು.